ಹಿತ್ತಲ ಕೋಳಿಗಳಿಗೆ ತಾನಾಗಿ ಬರುವ ತಣ್ಣೀರು

ಹೋದ ವರ್ಷ ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರಕ್ಕೆ ಮದುವೆಗೆ ಹೋಗಿದ್ದೆವು. ಬೆಳಿಗ್ಗೆ ಏಳಕ್ಕೆ ಮನೆ ಬಿಡುವಾಗ ಕೋಳಿಗಳ ಮುಂದೆ ಎರಡು ಬೋಗುಣಿ ತುಂಬ ನೀರಿಟ್ಟು, ಸಂಜೆ ಐದರೊಳಗೆ ಬರ್ತೀವಲ್ಲ ಅಂತ ಹೊರಟೆ. ಬಂದು ಹಿತ್ತಲ ಬಾಗಿಲು ತೆಗೆದರೆ ಒಂದು ಬೋಗುಣಿ ಬೋರಲು ಬಿದ್ದಿತ್ತು. ಇನ್ನೊಂದರಲ್ಲಿ ಎರಡು ಬೆರಳಷ್ಟು ನೀರು, ಅದರಲ್ಲೂ ಕಸ, ಹಿಕ್ಕೆ, ಮುಟ್ಟಿ ನೋಡಿದರೆ ಸ್ನಾನದ ನೀರಿನಷ್ಟು ಬಿಸಿ. ಕೋಳಿಗಳೆಲ್ಲ ರೆಕ್ಕೆ ಅಗಲ ಮಾಡಿಕೊಂಡು, ಕೊಕ್ಕು ತೆರೆದು ತೇಕುತ್ತಾ ಗೋಡೆಯ ನೆರಳಿಗೆ ಅಂಟಿಕೊಂಡು ನಿಂತಿದ್ದವು. ಕೆಂಪಿ ನಿಂತಿರಲಿಲ್ಲ. ಗೂಡಿನ ಮೂಲೆಯಲ್ಲಿ ಮಲಗಿತ್ತು, ಎತ್ತಿದಾಗ ಕುತ್ತಿಗೆ ಜೋತು ಬಿತ್ತು.

ಕೆಂಪಿ ನಮ್ಮ ಅತ್ತೆ ತಮ್ಮ ತವರು ಮುಂಡರಗಿಯಿಂದ ಮಡಿಲಲ್ಲಿಟ್ಟುಕೊಂಡು ತಂದ ಜವಾರಿ ಹೇಂಟೆ. ಮೂರು ಸಲ ಕಾವು ಕೂತು ಮರಿ ಮಾಡಿತ್ತು. ಅತ್ತೆ ಅವತ್ತು ಜಾಸ್ತಿ ಏನೂ ಅನ್ನಲಿಲ್ಲ. "ನೀರಿಲ್ದನ ಸತ್ತತವಾ ಪಾಪ" ಅಂದು ಒಳಗೆ ಹೋದರು. ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಾವು ಮನೆಯಲ್ಲಿ ಇಲ್ಲದಿದ್ದರೂ ಕೋಳಿಗಳಿಗೆ ತಣ್ಣಗಿನ ನೀರು ಸಿಗಲೇಬೇಕು, ಅದಕ್ಕೊಂದು ದಾರಿ ಮಾಡಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ. ಒಂದು ವರ್ಷ ಹಿಡಿಯಿತು. ಮೂರು ಸಲ ಕಟ್ಟಿ, ಎರಡು ಸಲ ಕಿತ್ತು ಹಾಕಿದ ಮೇಲೆ ಈಗ ಸರಿಯಾಗಿದೆ. ನಮ್ಮೂರು ಬೆಟಗೇರಿ, ಗದಗ, ರೋಣ, ನರಗುಂದ, ಆ ಕಡೆ ಹುಬ್ಬಳ್ಳಿ ತನಕ ನಮ್ಮ ಹಾಗೆ ಹಿತ್ತಲಲ್ಲಿ ಹತ್ತು ಹದಿನೈದು ಕೋಳಿ ಸಾಕಿರುವವರು ಎಷ್ಟೋ ಜನ ಇದ್ದಾರೆ. ಅವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಬರೀತಾ ಇದ್ದೇನೆ.

ಮೊದಲು ಕೋಳಿಯ ದಾಹ ಏನು ಅಂತ ಗೊತ್ತಿರಬೇಕು. ಕೋಳಿಗೆ ಬೆವರು ಬರುವುದಿಲ್ಲ. ಅದರ ಮೈ ಬಿಸಿಯೇ 41 ಡಿಗ್ರಿ ಮೇಲಿರುತ್ತದೆ, ನಮ್ಮ ಏಪ್ರಿಲ್ ಮಧ್ಯಾಹ್ನದ ಗಾಳಿಯೂ 40ರ ಹತ್ತಿರ ಬಂದಾಗ ಮೈ ಬಿಸಿ ಹೊರಗೆ ಹೋಗಲು ಜಾಗವೇ ಇರುವುದಿಲ್ಲ. ಆಗ ಅದು ತೇಕಿ ತೇಕಿ, ಬಾಯಿಯ ತೇವ ಆರಿಸಿಯೇ ತಣ್ಣಗಾಗಬೇಕು. ಆ ತೇವ ಎಲ್ಲಿಂದ ಬರಬೇಕು? ಕುಡಿದ ನೀರಿನಿಂದಲೇ. ಸಾಧಾರಣ ದಿನ ಒಂದು ಕೋಳಿ ಕಾಲು ಲೀಟರ್ ಹತ್ತಿರ ನೀರು ಕುಡಿದರೆ, ಬೇಸಿಗೆಯಲ್ಲಿ ಅದರ ದುಪ್ಪಟ್ಟು ಬೇಕಾಗುತ್ತದೆ. ತತ್ತಿಯಲ್ಲೂ ಮುಕ್ಕಾಲು ಭಾಗ ನೀರೇ. ಒಂದು ದಿನ ಪೂರ್ತಿ ನೀರು ತಪ್ಪಿತೋ, ತತ್ತಿ ನಿಂತು ಹೋಗುತ್ತದೆ, ಮತ್ತೆ ಶುರುವಾಗಲು ವಾರಗಟ್ಟಲೆ ಕಾಯಬೇಕು. ತೇಕುವುದು ಜಾಸ್ತಿ ಆದರೆ ಚಿಪ್ಪು ತೆಳುವಾಗುತ್ತದೆ. ಮತ್ತೆ ಈ ವಿಷಯ ಬಹಳ ಜನ ಗಮನಿಸುವುದಿಲ್ಲ: ನೀರು ಇದ್ದರೆ ಸಾಲದು. ಬಿಸಿ ನೀರನ್ನು ಕೋಳಿ ಕೊಕ್ಕಿನಿಂದ ಮುಟ್ಟಿ ತಲೆ ಕೊಡವಿ ಹೋಗಿಬಿಡುತ್ತದೆ. ಕೆಂಪಿ ಸತ್ತ ದಿನವೂ ಬೋಗುಣಿಯಲ್ಲಿ ನೀರು ಉಳಿದಿತ್ತು, ಅಲ್ವಾ?

ನಮ್ಮಲ್ಲಿ ಈಗ ಹದಿನಾಲ್ಕು ಹೇಂಟೆ, ಒಂದು ಹುಂಜ. ಒಂಬತ್ತು ಜವಾರಿ, ಉಳಿದವು ಗಿರಿರಾಜ ತಳಿಯವು. ಅಂದರೆ ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ಲೀಟರ್ ನೀರು.

ಮೊದಲ ಸಲ ಸುಲಭದ ದಾರಿ ಹಿಡಿದೆ. ಮಾಳಿಗೆ ಮೇಲಿನ ನೀರಿನ ಟಾಕಿಯಿಂದ ಒಂದು ಪೈಪ್ ಇಳಿಸಿ, ಗೂಡಿನ ಗೋಡೆಗುಂಟ ಎಳೆದು, ಅದಕ್ಕೆ ನಿಪ್ಪಲ್ ಕೂಡಿಸಿದೆ. ನಿಪ್ಪಲ್ ಅಂದರೆ ಫಾರ್ಮ್ ಕೋಳಿಗಳಿಗೆ ಹಾಕುತ್ತಾರಲ್ಲ, ಕೊಕ್ಕಿನಿಂದ ಮುಟ್ಟಿದರೆ ಹನಿ ಬೀಳುವ ಪುಟ್ಟ ಲೋಹದ ಕಡ್ಡಿ, ಅದು. ಹಾಕಿದ ಅರ್ಧ ಗಂಟೆಗೇ ಎಲ್ಲಾ ನಿಪ್ಪಲ್‌ಗಳಿಂದ ನೀರು ಸೋರಿ ಗೂಡಿನ ನೆಲ ಕೆಸರಾಯಿತು. ಮಾಳಿಗೆಯಿಂದ ನೇರ ಬರುವ ಒತ್ತಡ ಅವುಗಳಿಗೆ ಆಗುವುದಿಲ್ಲ. ಅವಕ್ಕೆ ಒಂದೆರಡು ಅಡಿ ಎತ್ತರದ ನೀರಿನ ಒತ್ತಡ ಸಾಕು. ನಡುವೆ ಒಂದು ಬಕೀಟು ಇಟ್ಟು, ಅದಕ್ಕೆ ಟಾಕಿಗೆ ಹಾಕುವಂಥ ಫ್ಲೋಟ್ ವಾಲ್ವ್ ಹಾಕಿ, ಬಕೀಟಿನಿಂದ ಪೈಪ್ ಎಳೆದೆ. ಸೋರುವುದು ನಿಂತಿತು. ಒಂದು ವಾರ ನೆಮ್ಮದಿಯಾಗಿದ್ದೆ.

ಆಮೇಲೆ ಒಂದು ಮಧ್ಯಾಹ್ನ ಮೂರಕ್ಕೆ ನಿಪ್ಪಲ್ ಹತ್ತಿರ ಕೂತು ನೋಡಿದೆ. ಒಂದು ಗಿರಿರಾಜ ಹೇಂಟೆ ಬಂದು ಕಡ್ಡಿ ಕುಟುಕಿತು, ಹನಿ ಬಾಯಿಗೆ ಬಿದ್ದ ಕೂಡಲೇ ಹಿಂದಕ್ಕೆ ಸರಿಯಿತು. ಮತ್ತೆ ಬಂತು, ಮತ್ತೆ ಸರಿಯಿತು. ನಾನೇ ಬೆರಳಿನಿಂದ ಒತ್ತಿ ಅಂಗೈ ಮೇಲೆ ಹನಿ ಹಿಡಿದೆ. ಚುರ್ ಅಂತು. ಹಾಲಿಗೆ ಇಟ್ಟುಕೊಂಡ ಥರ್ಮಾಮೀಟರ್ ತಂದು ಪೈಪಿನ ನೀರು ಹಿಡಿದು ನೋಡಿದರೆ 48 ಡಿಗ್ರಿ. ಕರಿ ಪೈಪು, ಒಳಗೆ ಬೆರಳು ದಪ್ಪದ ನೀರು, ಮೇಲೆ ಬೆಟಗೇರಿ ಬಿಸಿಲು. ಒಲೆ ಹಚ್ಚದೇ ನೀರು ಕಾಯಿಸಿ ಕೊಡ್ತಾ ಇದ್ದೆ ನಾನು.

ಅವತ್ತು ರಾತ್ರಿ ತಮ್ಮ ಫೋನ್ ಮಾಡಿದ್ದ. ಅವನು ಅಮೆರಿಕದ ಮಿನ್ನೆಸೋಟಾದಲ್ಲಿ, ಮಿನಿಯಾಪೊಲಿಸ್ ಹತ್ತಿರ ಇದ್ದಾನೆ, ಅವನೂ ಹಿತ್ತಲಲ್ಲಿ ಆರು ಕೋಳಿ ಸಾಕಿದ್ದಾನೆ. ಅಲ್ಲಿ ಜನವರಿಯಲ್ಲಿ ಕೆಲವು ರಾತ್ರಿ ಸೊನ್ನೆಗಿಂತ 25 ಡಿಗ್ರಿ ಕೆಳಗೆ ಹೋಗುತ್ತದೆ. ನನ್ನ ಗೋಳು ಕೇಳಿ ಅವನು ಅಂದ: "ಅಕ್ಕಾ, ನಿಮ್ಮಲ್ಲಿ ನೀರು ಕಾಯ್ತೈತಿ, ನಮ್ಮಲ್ಲಿ ಕಲ್ಲಾಗ್ತೈತಿ. ಅಷ್ಟ ಫರಕು. ಪೈಪಿನ್ಯಾಗ ನೀರು ನಿಲ್ಲಿಸಬ್ಯಾಡ."

ಈ ಒಂದು ಮಾತಿನಿಂದ ನನ್ನ ಕೆಲಸದ ದಿಕ್ಕೇ ಬದಲಾಯಿತು.

ಅವನೂ ಮೊದಲ ಚಳಿಗಾಲ ಪೈಪ್ ಎಳೆದಿದ್ದನಂತೆ. ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ, ಆ ಹಿಗ್ಗಿಗೆ ಪೈಪ್ ಉದ್ದಕ್ಕೂ ಸೀಳಿತು. ಅಲ್ಲಿ ನೆಲದೊಳಗೆ ಪೈಪ್ ಹಾಕಬೇಕೆಂದರೆ ಮೂರೂವರೆಯಿಂದ ಐದು ಅಡಿ ಆಳ ಅಗೆಯಬೇಕು, ಅಷ್ಟು ಕೆಳಗಿನ ತನಕ ಮಣ್ಣೇ ಗಟ್ಟಿಯಾಗುತ್ತದೆ. ಹನಿ ಕೆಳಗೆ ಜೋತಾಡುವ ನಿಪ್ಪಲ್ ಅಲ್ಲಿ ನಡೆಯುವುದೇ ಇಲ್ಲ, ಜೋತ ಹನಿ ಹೆಪ್ಪುಗಟ್ಟಿ ಕಡ್ಡಿಯನ್ನು ಹಿಡಿದುಬಿಡುತ್ತದೆ. ಕೊನೆಗೆ ಅವನು ಪೈಪನ್ನೇ ಬಿಟ್ಟ. ಒಂದು ದಪ್ಪ ಬಕೀಟು, ಸುತ್ತ ಥರ್ಮೊಕೋಲಿನ ಹೊದಿಕೆ, ಬಕೀಟಿನ ಪಕ್ಕಕ್ಕೇ ಅಡ್ಡ ಕೂಡಿಸಿದ ನಿಪ್ಪಲ್, ಒಳಗೆ 250 ವ್ಯಾಟ್‌ನ ಚಿಕ್ಕ ಹೀಟರ್. ನೀರು ಹೆಪ್ಪುಗಟ್ಟುವ ಹಂತಕ್ಕೆ ಬಂದಾಗ ಹೀಟರ್ ತಾನೇ ಹೊತ್ತಿಕೊಂಡು, ಸ್ವಲ್ಪ ಬೆಚ್ಚಗಾದ ಮೇಲೆ ತಾನೇ ಆರುತ್ತದೆ. ಅದಕ್ಕೂ ಮೊದಲು ಎರಡು ತಿಂಗಳು ದಿನಕ್ಕೆರಡು ಸಲ ಹಿಮ ತುಳಿದುಕೊಂಡು ಬಿಸಿ ನೀರು ಹೊತ್ತು ಹಾಕಿದ್ದನಂತೆ.

ಯೋಚನೆ ಮಾಡಿದರೆ ಎರಡೂ ಕಡೆ ತೊಂದರೆ ಒಂದೇ. ಸಣ್ಣ ಪೈಪಿನಲ್ಲಿ ನೀರು ಕಡಿಮೆ, ಹೊರಗಿನ ಮೈ ಜಾಸ್ತಿ. ಹಾಗಾಗಿ ಹೊರಗೆ ಬಿಸಿಲಿದ್ದರೆ ಬೇಗ ಕಾಯುತ್ತದೆ, ಚಳಿ ಇದ್ದರೆ ಬೇಗ ಹೆಪ್ಪುಗಟ್ಟುತ್ತದೆ. ದಪ್ಪ ಪಾತ್ರೆಯಲ್ಲಿ, ಅದರಲ್ಲೂ ನೆಲದೊಳಗೆ ಕೂತ ಪಾತ್ರೆಯಲ್ಲಿ, ನೀರಿಗೆ ಅಷ್ಟು ಬೇಗ ಏನೂ ಆಗುವುದಿಲ್ಲ. ನಮ್ಮ ಅಡಿಗೆಮನೆ ಮೂಲೆಯಲ್ಲಿ ಮರಳಿನ ಮೇಲೆ ಕೂತ ಹರವಿ ತಣ್ಣಗಿರುವುದೂ ಇದಕ್ಕೇ, ಜೊತೆಗೆ ಅದರ ಮೈಯಿಂದ ನೀರು ಜಿನುಗಿ ಆರುತ್ತಾ ಇರುತ್ತದೆ.

ಎರಡನೇ ಸಲ ಪೈಪನ್ನು ನೆಲದೊಳಗೆ ಹಾಕಿ ನೋಡಿದೆ, ಒಂದಡಿ ಆಳ. ಮಿನ್ನೆಸೋಟಾದ ಹಾಗೆ ಐದಡಿ ಇಲ್ಲಿ ಬೇಡವಲ್ಲ ಅಂದುಕೊಂಡೆ. ಡಿಸೆಂಬರ್‌ನಲ್ಲಿ ಚೆನ್ನಾಗಿತ್ತು. ಜನವರಿ ಕೊನೆಗೆ ನಮ್ಮ ಎರೆಮಣ್ಣು ಬಿರುಕು ಬಿಟ್ಟಿತು. ನೋಡಿದ್ದೀರಲ್ಲ, ಕೈ ಹೋಗುವಷ್ಟು ಬಿರುಕು. ಮಣ್ಣು ಆ ಕಡೆ ಈ ಕಡೆ ಎಳೆದಾಗ ಪಿವಿಸಿ ಪೈಪಿನ ಕೂಡು ಎರಡು ಕಡೆ ಕಳಚಿಕೊಂಡಿತು, ಒಂದು ರಾತ್ರಿಯಲ್ಲಿ ಅರ್ಧ ಟಾಕಿ ನೀರು ಬಿರುಕಿನೊಳಗೆ ಇಳಿದು ಹೋಗಿತ್ತು. ನಮ್ಮಲ್ಲಿ ನಳ ಬರುವುದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಆ ನೀರಿನ ಬೆಲೆ ನಿಮಗೂ ಗೊತ್ತು. ಮಳೆಗಾಲದಲ್ಲಿ ಇದೇ ಮಣ್ಣು ಉಬ್ಬಿ ಪೈಪನ್ನು ಮೇಲಕ್ಕೆ ಎತ್ತುತ್ತದೆ. ತಮ್ಮನ ಊರಲ್ಲಿ ಹೆಪ್ಪುಗಟ್ಟಿದ ಮಣ್ಣು ಮಾಡುವ ಕೆಲಸವನ್ನೇ ಇಲ್ಲಿ ಎರೆ ಮಾಡುತ್ತದೆ.

ಈಗ ಇರುವುದು ಮೂರನೆಯದು. ಇದನ್ನು ಸ್ವಲ್ಪ ಬಿಡಿಸಿ ಹೇಳ್ತೇನೆ.

ಬೇವಿನ ಮರದ ಕೆಳಗೆ, ದಿನವಿಡೀ ನೆರಳಿರುವ ಕಡೆ, 50 ಲೀಟರ್‌ನ ನೀಲಿ ಡ್ರಮ್ಮನ್ನು ಕುತ್ತಿಗೆ ತನಕ ಹೂತಿದ್ದೇವೆ. ಸುತ್ತಲೂ ನಾಲ್ಕು ಬೆರಳು ಮರಳು, ಎರೆಮಣ್ಣು ನೇರವಾಗಿ ಡ್ರಮ್ಮನ್ನು ಹಿಂಡದ ಹಾಗೆ. ಮುಚ್ಚಳಕ್ಕೆ ಸೊಳ್ಳೆ ಹೋಗದ ಜಾಲರಿ. ಮಾಳಿಗೆ ಟಾಕಿಯಿಂದ ಡ್ರಮ್ಮಿಗೆ ಬರುವ ಪೈಪು ಹೊಲದಲ್ಲಿ ಹಾಕುವ 16 ಎಂಎಂ ಡ್ರಿಪ್ ಪೈಪು, ಮರಳು ತುಂಬಿದ ಕಾಲುವೆಯಲ್ಲಿ ಸ್ವಲ್ಪ ಸಡಿಲವಾಗಿ, ಹಾವು ಹರಿದ ಹಾಗೆ ಹಾಸಿದ್ದು. ನಡುವೆ ಎಲ್ಲೂ ಕೂಡು ಇಲ್ಲ. ಮಣ್ಣು ಎಳೆದರೆ ಅದೂ ಸ್ವಲ್ಪ ಬಾಗುತ್ತದೆ, ಕಳಚುವುದಿಲ್ಲ.

ಆ ಪೈಪಿಗೆ ಬ್ಯಾಟರಿಯ ಟೈಮರ್ ನಳ ಹಾಕಿದ್ದೇನೆ. ಬೆಳಗಿನ ಐದಕ್ಕೆ ಅರ್ಧ ಗಂಟೆ ಮಾತ್ರ ತೆರೆಯುತ್ತದೆ. ಆ ಹೊತ್ತಿಗೆ ಟಾಕಿ ನೀರು ರಾತ್ರಿಯೆಲ್ಲ ಆರಿ ತಣ್ಣಗಿರುತ್ತದೆ. ಡ್ರಮ್ಮು ತುಂಬಿದ ಕೂಡಲೇ ಫ್ಲೋಟ್ ವಾಲ್ವ್ ಮುಚ್ಚಿಕೊಳ್ಳುತ್ತದೆ, ಒಂದು ವೇಳೆ ಅದು ಸಿಕ್ಕಿಕೊಂಡರೂ ಹೋಗುವುದು ಅರ್ಧ ಗಂಟೆಯ ನೀರು ಮಾತ್ರ. ಟೈಮರ್ ಕೊಳ್ಳುವಾಗ ಒಂದು ಮಾತು ಕೇಳಿ. ಇದರಲ್ಲಿ ಎರಡು ನಮೂನೆ ಬರುತ್ತವೆ. ಸೊಲೆನಾಯ್ಡ್, ಅಂದರೆ ಕರೆಂಟಿನ ಅಯಸ್ಕಾಂತದಿಂದ ತೆರೆಯುವ ವಾಲ್ವ್, ಇರುವುದಕ್ಕೆ ನೀರಿನ ಒತ್ತಡ ಬೇಕು, ನಮ್ಮ ಮಾಳಿಗೆ ಟಾಕಿಯ ಒತ್ತಡಕ್ಕೆ ಅದು ಸರಿಯಾಗಿ ತೆರೆಯುವುದೂ ಇಲ್ಲ, ಮುಚ್ಚುವುದೂ ಇಲ್ಲ. ಮೋಟರ್ ತಿರುಗಿಸುವ ಬಾಲ್ ವಾಲ್ವ್ ಇರುವುದನ್ನೇ ಕೇಳಿ ತಗೊಳ್ಳಿ, ಒತ್ತಡ ಇಲ್ಲದಿದ್ದರೂ ನಡೆಯುತ್ತದೆ.

ಡ್ರಮ್ಮಿನ ಪಕ್ಕದಲ್ಲೇ, ಇಟ್ಟಿಗೆ ಕಟ್ಟೆಯ ಮೇಲೆ 20 ಲೀಟರ್ ಬಕೀಟು. ಮುಚ್ಚಳ ಭದ್ರ. ಅದರ ಕೆಳಭಾಗದ ಸುತ್ತ ಅಡ್ಡ ನಿಪ್ಪಲ್ ಐದು, ಕೋಳಿಯ ತಲೆಯ ಎತ್ತರಕ್ಕೆ. 9 ಎಂಎಂ ಬಿಟ್‌ನಲ್ಲಿ ತೂತು ಕೊರೆದೆ, ಅದಕ್ಕಿಂತ ದೊಡ್ಡದಾದರೆ ಸೋರುತ್ತದೆ. ಡ್ರಮ್ಮಿನೊಳಗೆ ಏರ್ ಕೂಲರಿಗೆ ಹಾಕುವ 18 ವ್ಯಾಟ್ ಪಂಪು. ಅದು ಬೇಸಿಗೆಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರ ತನಕ ಗಂಟೆಗೆ 15 ನಿಮಿಷ ನಡೆದು ಡ್ರಮ್ಮಿನ ತಣ್ಣೀರನ್ನು ಬಕೀಟಿಗೆ ಏರಿಸುತ್ತದೆ. ಬಕೀಟಿನ ಮೇಲ್ಭಾಗದಲ್ಲಿ ಒಂದು ದಪ್ಪ ತೂತು, ಹೆಚ್ಚಾದ ನೀರು ಅದರಿಂದ ವಾಪಸ್ ಡ್ರಮ್ಮಿಗೆ. ಕರೆಂಟು ಹೋದರೂ ಬಕೀಟಿನಲ್ಲಿ 15 ಲೀಟರ್ ಮೇಲೆ ನೀರು ಇದ್ದೇ ಇರುತ್ತದೆ, ಒಂದೂವರೆ ದಿನಕ್ಕೆ ಸಾಕು.

ಮೊದಲ ರಾತ್ರಿಯೇ ಒಂದು ತಪ್ಪಾಯಿತು. ಬೆಳಿಗ್ಗೆ ನೋಡಿದರೆ ಬಕೀಟಿನಲ್ಲಿ ತಳದ ನೀರು ಮಾತ್ರ. ಎಲ್ಲೂ ಒದ್ದೆ ಇಲ್ಲ, ಡ್ರಮ್ಮು ಕಂಠದ ತನಕ ತುಂಬಿದೆ. ಅರ್ಧ ಗಂಟೆ ಸುಮ್ನೆ ಅದನ್ನೇ ನೋಡುತ್ತಾ ಕೂತೆ. ಪಂಪಿನ ಪೈಪಿನ ತುದಿಯನ್ನು ನಾನು ಬಕೀಟಿನ ನೀರೊಳಗೆ ಮುಳುಗಿಸಿದ್ದೆ, ಪಂಪು ನಿಂತ ಮೇಲೆ ಅದೇ ಪೈಪು ಬಕೀಟಿನ ನೀರನ್ನು ಹೀರಿ ಪಂಪಿನ ಮೂಲಕ ಡ್ರಮ್ಮಿಗೆ ಇಳಿಸಿಬಿಟ್ಟಿತ್ತು. ವಾಹನದ ಟ್ಯಾಂಕಿನಿಂದ ಪೈಪ್ ಹಾಕಿ ಎಣ್ಣೆ ಎಳೆಯುತ್ತಾರಲ್ಲ, ಹಾಗೇ. ತುದಿಯನ್ನು ನೀರಿಗಿಂತ ಮೂರು ಬೆರಳು ಮೇಲೆ ಕಟ್ಟಿದೆ. ಈಗ ಪಂಪು ನಿಂತ ಕೂಡಲೇ ಗಾಳಿ ಹೊಕ್ಕು ಪೈಪು ಖಾಲಿಯಾಗುತ್ತದೆ. ಖಾಲಿ ಪೈಪಿನಲ್ಲಿ ಕಾಯಲು ನೀರೇ ಇಲ್ಲ. ತಮ್ಮನಿಗೆ ಫೋಟೊ ಕಳಿಸಿದೆ, "ಇದು ನಮ್ಮಲ್ಲೂ ನಡೀತೈತಿ ಅಕ್ಕಾ, ಖಾಲಿ ಪೈಪಿನ್ಯಾಗ ಹೆಪ್ಪುಗಟ್ಟಾಕ ಏನೂ ಇರೂದಿಲ್ಲ" ಅಂದ.

ಪಂಪಿನ ಟೈಮರ್ ಬಗ್ಗೆಯೂ ಹೇಳಬೇಕು. ಗಡಿಯಾರದ ಹಾಗೆ ತಿರುಗುವ ಅಗ್ಗದ ಟೈಮರ್ ತಂದಿದ್ದೆ. ಕರೆಂಟು ಹೋದಾಗ ಅದೂ ನಿಲ್ಲುತ್ತದೆ, ಒಂದು ವಾರದಲ್ಲಿ ಮೂರು ತಾಸು ಹಿಂದೆ ಬಿದ್ದಿತ್ತು. ಮಧ್ಯಾಹ್ನ ಹನ್ನೆರಡಕ್ಕೆ ಅದರ ಲೆಕ್ಕದಲ್ಲಿ ಇನ್ನೂ ಬೆಳಿಗ್ಗೆ ಒಂಬತ್ತು. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ಹಾಕಿದ ಮೇಲೆ ಸರಿಹೋಯಿತು. ನೀರಿನಲ್ಲಿ ಪಂಪು ಮುಳುಗಿರುತ್ತದಾದ್ದರಿಂದ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಕಡಿದುಬಿಡುವ ಸ್ವಿಚ್ಚು) ಇಲ್ಲದ ಪ್ಲಗ್ಗಿಗೆ ಇದನ್ನು ದಯವಿಟ್ಟು ಹಾಕಬೇಡಿ. ಮನೆಯಲ್ಲಿ ಮಕ್ಕಳಿರುತ್ತಾರೆ.

ಇನ್ನು ಅತ್ತೆಯ ಪಾಲು. ಎಲ್ಲ ಮುಗಿಸಿ ತೋರಿಸಿದಾಗ ಅವರು ಬಕೀಟನ್ನು ಮುಟ್ಟಿ ನೋಡಿ, "ಹರವಿಗೆ ಸುತ್ತಿದಂಗ ಇದಕೂ ಹಸಿ ಗೋಣಿತಟ್ಟು ಸುತ್ತವಾ" ಅಂದರು. ಸುತ್ತಿದೆ. ಆದರೆ ತಾಸಿಗೊಮ್ಮೆ ನೀರು ಚಿಮುಕಿಸುವವರು ಯಾರು? ಪಂಪಿನ ಪೈಪಿಗೇ ಗಂಟೆಗೆ ಎರಡು ಲೀಟರ್‌ನ ಒಂದು ಡ್ರಿಪ್ಪರ್ ಚುಚ್ಚಿ ಗೋಣಿಯ ಮೇಲಂಚಿಗೆ ಬಿಟ್ಟೆ. ಪಂಪು ನಡೆದಾಗಲೆಲ್ಲ ಗೋಣಿ ತಾನೇ ನೆನೆಯುತ್ತದೆ, ಸಲಕ್ಕೆ ಸುಮಾರು ಅರ್ಧ ಲೀಟರ್. ನಮ್ಮ ಕಡೆಯ ಒಣ ಗಾಳಿಗೆ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ, ಹೊರಗೆ 40 ಇದ್ದ ದಿನ ಮಧ್ಯಾಹ್ನ ಮೂರಕ್ಕೆ ಬಕೀಟಿನ ನೀರು 28 ಡಿಗ್ರಿ ಇತ್ತು. ಅತ್ತೆಗೆ ಥರ್ಮಾಮೀಟರ್ ತೋರಿಸಿದೆ. ಅವರು ಅದನ್ನು ನೋಡಲಿಲ್ಲ, ಕೋಳಿಗಳನ್ನು ನೋಡುತ್ತಾ ನಿಂತರು. ಮಲೆನಾಡಿನವರು, ಕರಾವಳಿಯವರು ಇದನ್ನು ಮಾಡಿದರೆ ಇಷ್ಟು ಲಾಭ ಸಿಗಲಾರದು, ಗಾಳಿಯಲ್ಲಿ ತೇವ ಇದ್ದಾಗ ಗೋಣಿ ಬೇಗ ಆರುವುದಿಲ್ಲ. ನಮ್ಮಲ್ಲೂ ಮಳೆಗಾಲದಲ್ಲಿ ಗೋಣಿ ತೆಗೆದಿಡಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಕೋಳಿಗಳಿಗೆ ಈ ಅಡ್ಡ ನಿಪ್ಪಲ್ ರೂಢಿ ಆಗಲು ನಾಲ್ಕು ದಿನ ಬೇಕಾಯಿತು. ಬೇಸಿಗೆಯಲ್ಲಂತೂ ಇದನ್ನು ಕಲಿಸಲು ಹೋಗಬೇಡಿ, ಬೋಗುಣಿಯನ್ನು ಒಮ್ಮೆಲೇ ತೆಗೆಯಲೂ ಬೇಡಿ. ನಾನು ಫೆಬ್ರುವರಿಯಲ್ಲಿ ಶುರು ಮಾಡಿದೆ. ಬೆಳಿಗ್ಗೆ ಎರಡು ತಾಸು ಬೋಗುಣಿ ಎತ್ತಿಟ್ಟು, ಕಡ್ಡಿಯ ತುದಿಗೆ ಒಂದು ಹನಿ ನಿಲ್ಲಿಸಿ, ಬೆರಳಿನಿಂದ ಟಕ್ ಟಕ್ ಅನ್ನಿಸುತ್ತಿದ್ದೆ. ಕೋಳಿಗೆ ಹೊಳೆಯುವುದು ಕಂಡರೆ ಕುಟುಕದೇ ಇರಲಾಗದು. ಮೊದಲು ಕಲಿತದ್ದು ಕೆಂಪಿಯ ಮಗಳು, ಕುತ್ತಿಗೆಯಲ್ಲಿ ಕರಿ ಪುಕ್ಕದ್ದು. ಒಂದು ಕುಟುಕಿತು, ನೀರು ಬಂತು, ತಲೆ ಓರೆ ಮಾಡಿ ಕಡ್ಡಿಯನ್ನೇ ನೋಡಿತು, ಮತ್ತೆ ಕುಟುಕಿತು. ಅದು ಕುಡಿಯುವುದನ್ನು ನೋಡಿ ಉಳಿದವು ಬಂದವು. ಹುಂಜ ಎಲ್ಲರಿಗಿಂತ ಕೊನೆಗೆ. ಮರಿಗಳಿಗೆ ಈ ಅಡ್ಡ ಕಡ್ಡಿ ಒತ್ತಲು ಬಲ ಸಾಲದು, ಅವಕ್ಕೆ ಬೇರೆ ತಟ್ಟೆಯಲ್ಲಿ ಸಣ್ಣ ಕಲ್ಲು ಹಾಕಿ ನೀರು ಇಡುತ್ತೇನೆ, ಮುಳುಗಬಾರದು ಅಂತ.

ನಿಗಾ ಇಲ್ಲದೆ ಇದು ನಡೆಯುವುದಿಲ್ಲ. ಬೋರಿನ ಸವಳು ನೀರು ಬೆರೆತಾಗ ನಿಪ್ಪಲ್ ಒಳಗೆ ಬಿಳಿ ಸುಣ್ಣದ ಪೊರೆ ಕಟ್ಟಿ ಸೋರಲು ಶುರುವಾಗುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ಒಂದು ರಾತ್ರಿ ಲಿಂಬೆರಸದ ನೀರಿನಲ್ಲಿ ನೆನೆಹಾಕಿದರೆ ಬಿಡುತ್ತದೆ. ಡ್ರಮ್ಮನ್ನು ಹದಿನೈದು ದಿನಕ್ಕೊಮ್ಮೆ ತಿಕ್ಕಿ ತೊಳೆಯುತ್ತೇನೆ. ಮಜ್ಜಿಗೆ, ಬೆಲ್ಲದ ನೀರು ಏನಿದ್ದರೂ ಬೇರೆ ಪಾತ್ರೆಯಲ್ಲಿ, ಬಕೀಟಿಗೆ ಹಾಕಿದರೆ ಕಡ್ಡಿ ಕಟ್ಟಿಕೊಳ್ಳುತ್ತದೆ. ಕೊಕ್ಕರೆ ರೋಗದ ಲಸಿಕೆಯನ್ನು ನೀರಿನಲ್ಲಿ ಕೊಡುವ ದಿನ ಬಕೀಟು ಮುಚ್ಚಿ ಬೋಗುಣಿಯಲ್ಲೇ ಕೊಡುತ್ತೇನೆ. ನಳದ ನೀರಿನ ಕ್ಲೋರಿನ್ ಲಸಿಕೆಯನ್ನು ಕೊಂದುಬಿಡುತ್ತದೆ, ಅದಕ್ಕೆ ಅವತ್ತು ಬೇರೆ ನೀರು. ಎಲ್ಲಕ್ಕಿಂತ ಮುಖ್ಯ, ದಿನಾ ಬೆಳಿಗ್ಗೆ ಐದೂ ಕಡ್ಡಿಯನ್ನು ಒಂದೊಂದು ಸಲ ಒತ್ತಿ ನೋಡುತ್ತೇನೆ. ಒಂದು ನಿಮಿಷದ ಕೆಲಸ.

ಖರ್ಚು ಎಲ್ಲ ಸೇರಿ ಮೂರೂವರೆ ಸಾವಿರದ ಹತ್ತಿರ ಆಯಿತು. ಅದರಲ್ಲಿ ಅರ್ಧ ಟೈಮರ್ ನಳಕ್ಕೇ ಹೋಯಿತು. ಅದು ಬೇಡ ಅನ್ನುವವರು ಡ್ರಮ್ಮನ್ನು ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಕೈಯಿಂದಲೇ ತುಂಬಿಸಬಹುದು.

ಈ ಏಪ್ರಿಲ್‌ನಲ್ಲಿ ಒಂದೂ ಕೋಳಿ ಸತ್ತಿಲ್ಲ. ಹೋದ ಬೇಸಿಗೆಯಲ್ಲಿ ದಿನಕ್ಕೆ ಎರಡು ಮೂರಕ್ಕೆ ಇಳಿದಿದ್ದ ತತ್ತಿ ಈ ಸಲ ಆರೇಳರ ಕೆಳಗೆ ಬಂದಿಲ್ಲ. ಯುಗಾದಿ ಮುಗಿದ ಮೇಲೆ ಎರಡು ದಿನ ಮನೆಗೆ ಬೀಗ ಹಾಕಿ ಧಾರವಾಡಕ್ಕೆ ಹೋಗಿದ್ದೆವು. ಬಂದು ಹಿತ್ತಲ ಬಾಗಿಲು ತೆಗೆಯುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಕರಿ ಪುಕ್ಕದ ಹೇಂಟೆ ಬಕೀಟಿನ ಹತ್ತಿರ ನಿಂತು ನೀರು ಕುಡಿಯುತ್ತಿತ್ತು, ನಮ್ಮನ್ನು ನೋಡಿ ಒಂದು ಕ್ಷಣ ನಿಲ್ಲಿಸಿ, ಮತ್ತೆ ಕುಡಿಯಿತು.

ಇನ್ನೊಂದು ಕೆಲಸ ಬಾಕಿ ಇದೆ. ಮಳೆ ಬಿದ್ದು ಎರೆಮಣ್ಣು ಪೂರ್ತಿ ನೆನೆದಾಗ ಡ್ರಮ್ಮು ಖಾಲಿ ಇದ್ದರೆ ದೋಣಿಯ ಹಾಗೆ ಮೇಲೆದ್ದು ಬರುತ್ತದೆ. ಹಾಗಾಗಿ ಮಳೆಗಾಲದಲ್ಲಿ ಅದನ್ನು ತುಂಬಿಯೇ ಇಡಬೇಕು, ಸುತ್ತ ನೀರು ನಿಲ್ಲದ ಹಾಗೆ ಚಿಕ್ಕದೊಂದು ಕಟ್ಟೆಯನ್ನೂ ಕಟ್ಟಬೇಕು. ಇಟ್ಟಿಗೆ ಬಂದಿವೆ, ಅರ್ಧ ಚೀಲ ಸಿಮೆಂಟ್ ಉಳಿದಿದೆ. ಬರುವ ಭಾನುವಾರ ಕೂತು ಕಟ್ಟುತ್ತೇವೆ.